ಕಾಣದ ಜೀವಕ್ಕೆ ಗೆರೆ ಕೊಟ್ಟವರು

ಜೀವಶಾಸ್ತ್ರ ಓದಿದವರ ಮನೆಯ ಅಟ್ಟದಲ್ಲಿ ಹುಡುಕಿದರೆ ಹಳೆಯ ರೆಕಾರ್ಡ್ ಪುಸ್ತಕವೊಂದು ಸಿಕ್ಕೇ ಸಿಗುತ್ತದೆ. ಒಂದು ಬದಿಗೆ ಗೆರೆಯಿಲ್ಲದ ದಪ್ಪ ಹಾಳೆ, ಇನ್ನೊಂದು ಬದಿಗೆ ಗೆರೆ ಎಳೆದ ತೆಳು ಹಾಳೆ. ದಪ್ಪ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಅಮೀಬಾ, ಪ್ಯಾರಮೀಸಿಯಂ, ಸ್ಪೈರೋಗೈರಾ. ಸ್ಕೇಲಿಟ್ಟು ಎಳೆದ ಗೆರೆಗಳ ತುದಿಯಲ್ಲಿ ಭಾಗಗಳ ಹೆಸರು, ಕೆಳಗೆ ಮೇಷ್ಟರ ಕೆಂಪು ಸಹಿ. ತುಮಕೂರಿನಲ್ಲಿ ನಾನು ಓದುತ್ತಿದ್ದಾಗ ನಮ್ಮ ಪ್ರಯೋಗಾಲಯಕ್ಕೆ ಇಂಥ ಜೀವಿಗಳು ಬರುತ್ತಿದ್ದುದು ಅಮಾನಿಕೆರೆಯಿಂದ. ಅಟೆಂಡರ್ ಬಾಟಲಿಯಲ್ಲಿ ಹಿಡಿದು ತಂದ ಹಸಿರುಗಟ್ಟಿದ ನೀರಿನ ಒಂದು ಹನಿಯನ್ನು ಸ್ಲೈಡಿನ ಮೇಲೆ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಒಂದೇ ಕಣ್ಣಿನಲ್ಲಿ ಇಣುಕಿ ನೋಡಬೇಕು. ‘ಕಂಡದ್ದನ್ನು ಬರೀರಿ, ಪುಸ್ತಕದಲ್ಲಿರೋದನ್ನಲ್ಲ’ ಎಂದು ಮೇಷ್ಟರು ಪ್ರತಿ ವಾರ ಹೇಳುತ್ತಿದ್ದರು. ನಾವು ಪ್ರತಿ ವಾರ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯುತ್ತಿದ್ದೆವು.

ಒಂದು ಸಂಜೆ ಯೂಗ್ಲಿನಾದ ಚಿತ್ರ ಬರೆಯುತ್ತ ಕೂತಿದ್ದಾಗ ದಾದಿ ಪಕ್ಕ ಬಂದು ಕೂತರು. ತಸ್ಬೀಹ್ ಎಣಿಸುತ್ತಿದ್ದ ಕೈ ನಿಂತಿತು. ‘ಯೇ ಜಾನ್‌ದಾರ್ ಕೀ ತಸ್ವೀರ್ ಹೈ ಕ್ಯಾ ಬೇಟಾ?’ ಎಂದರು. ಜೀವವಿರುವುದರ ಚಿತ್ರವೇ ಇದು, ಎಂಬ ಪ್ರಶ್ನೆ. ನಾನು ಉತ್ತರಿಸಲಾರದೆ ಹೋದೆ. ಯೂಗ್ಲಿನಾ ಗಿಡದ ಹಾಗೆ ಹಸಿರಾಗಿದೆ, ಬಿಸಿಲಿನಲ್ಲಿ ತನ್ನ ಆಹಾರ ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಮೀನಿನ ಹಾಗೆ ಈಜುತ್ತದೆ, ಮೈಯ ಒಂದು ತುದಿಯಲ್ಲಿ ಬೆಳಕನ್ನು ಗುರುತಿಸುವ ಕೆಂಪು ಚುಕ್ಕೆಯೂ ಇದೆ. ಸಸ್ಯಶಾಸ್ತ್ರದವರೂ ಪ್ರಾಣಿಶಾಸ್ತ್ರದವರೂ ಅದನ್ನು ಬಹುಕಾಲ ತಮ್ಮ ತಮ್ಮ ಪಠ್ಯಪುಸ್ತಕಗಳಲ್ಲಿ ಇಟ್ಟುಕೊಂಡಿದ್ದರು.

ದಾದಿಯ ಪ್ರಶ್ನೆ ಹಳ್ಳಿಗಾಡಿನ ಅಜ್ಞಾನದ್ದಾಗಿರಲಿಲ್ಲ. ಅದರ ಹಿಂದೆ ದೀರ್ಘವಾದ ಒಂದು ಚರ್ಚೆಯಿದೆ. ಚಿತ್ರ ಬರೆದೇ ಜೀವನ ನಡೆಸುತ್ತಿದ್ದ ಒಬ್ಬ ವ್ಯಕ್ತಿ ಹಝ್ರತ್ ಇಬ್ನು ಅಬ್ಬಾಸರ(ರ) ಬಳಿ ಬಂದು ತನ್ನ ಕಸುಬಿನ ಬಗ್ಗೆ ವಿಚಾರಿಸಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಚಿತ್ರಕಾರರ ಕುರಿತು ಪ್ರವಾದಿಯವರು(ಸ) ನೀಡಿದ ಎಚ್ಚರಿಕೆಯನ್ನು ಅವರು ಕೇಳಿಸಿದರು. ಆತನ ಮುಖ ಬಾಡಿದ್ದನ್ನು ಕಂಡು, ಬರೆಯಲೇಬೇಕೆಂದಿದ್ದರೆ ಮರಗಳನ್ನೂ ಪ್ರಾಣವಿಲ್ಲದ ವಸ್ತುಗಳನ್ನೂ ಬರೆ ಎಂದು ದಾರಿ ತೋರಿದರು. ಶಿಕ್ಷಣಕ್ಕೆ, ವೈದ್ಯಕ್ಕೆ ಬೇಕಾದ ಚಿತ್ರಗಳಿಗೆ ಇಂದಿನ ಅನೇಕ ವಿದ್ವಾಂಸರ ಅಭ್ಯಂತರವಿಲ್ಲ. ಆದರೆ ಮರ ಎಲ್ಲಿ ಮುಗಿಯುತ್ತದೆ, ಪ್ರಾಣಿ ಎಲ್ಲಿ ಆರಂಭವಾಗುತ್ತದೆ ಎಂಬ ಗಡಿಯನ್ನೇ ಸೂಕ್ಷ್ಮದರ್ಶಕ ಅಳಿಸಿಹಾಕಿತು. ಆ ಗಡಿಯ ಮೇಲೆ ಕೂತು ಗೆರೆ ಎಳೆದವರ ಕಥೆ ನಮ್ಮ ಕನ್ನಡನಾಡಿನಲ್ಲೂ ಇದೆ. ನಮ್ಮ ಜಿಲ್ಲೆಯ ಕುಣಿಗಲ್ ಸೀಮೆಯಲ್ಲೂ ಅದರ ಒಂದು ಎಳೆ ಇದೆ.

ಮೊದಲು ಮಸೂರದ ಮಾತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಕೈರೋದಲ್ಲಿದ್ದ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಮೂಲಕ ತೋರಿಸಿದರು. ನಮ್ಮ ಕೆಲವು ಭಾಷಣಕಾರರು ಹೇಳುವಂತೆ ಅವರು ಸೂಕ್ಷ್ಮದರ್ಶಕವನ್ನೇನೂ ಕಂಡುಹಿಡಿಯಲಿಲ್ಲ. ಇಲ್ಲದ ಹಿರಿಮೆಯನ್ನು ಕಟ್ಟುವುದರಿಂದ ಇರುವ ಹಿರಿಮೆಗೇ ಧಕ್ಕೆ. ಆದರೆ ಆ ಗ್ರಂಥ ಲ್ಯಾಟಿನ್ನಿಗೆ ಹೋಗಿ, ಯುರೋಪಿನ ದೃಗ್ವಿಜ್ಞಾನಕ್ಕೆ ಶತಮಾನಗಳ ಕಾಲ ಪಠ್ಯವಾಯಿತು.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯ’ ಪ್ರಕಟಿಸಿದ. ಬಾಲ್ಯದಲ್ಲಿ ಕೆಲಕಾಲ ಚಿತ್ರಕಾರನೊಬ್ಬನ ಬಳಿ ಕೆಲಸ ಕಲಿಯಲು ಹೋಗಿದ್ದವನು ಆತ. ಅವನ ಪುಸ್ತಕದಲ್ಲಿ ಒಂದು ಚಿಗಟ ಮಡಚಿಟ್ಟ ದೊಡ್ಡ ಹಾಳೆಯ ಮೇಲೆ ಬೆಕ್ಕಿನಷ್ಟು ದೊಡ್ಡದಾಗಿ ಬಿಚ್ಚಿಕೊಂಡಾಗ ಓದುಗರು ಬೆರಗಾದರು. ಹಾಲೆಂಡಿನ ಡೆಲ್ಫ್ಟ್‌ನ ಜವಳಿ ವ್ಯಾಪಾರಿ ಲೇವನ್‌ಹುಕ್ ಹುಕ್‌ಗಿಂತ ಬಹಳ ಹೆಚ್ಚಿನದನ್ನು ಕಂಡ. ಕೆರೆಯ ನೀರಿನಲ್ಲಿ, ಹಲ್ಲಿನ ಕೊಳೆಯಲ್ಲಿ ಓಡಾಡುವ ಜೀವಿಗಳನ್ನು ಮೊದಲು ಕಂಡವನು ಅವನೇ. ಆದರೆ ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಸಂಬಳ ಕೊಟ್ಟು ಚಿತ್ರಕಾರನನ್ನು ಇಟ್ಟುಕೊಂಡ. 1695ರ ಒಂದು ಪತ್ರದಲ್ಲಿ, ಮೃದ್ವಂಗಿಯ ಭ್ರೂಣಗಳು ಗಿರಗಿರನೆ ತಿರುಗುವುದನ್ನು ತಾನೂ ತನ್ನ ಮಗಳೂ ಚಿತ್ರಕಾರನೂ ಎರಡು ಗಂಟೆ ಕಾಲ ನೋಡುತ್ತಲೇ ಇದ್ದೆವೆಂದು ಬರೆದಿದ್ದಾನೆ. ಪತ್ರದಲ್ಲಿ ಚಿತ್ರಕಾರನ ಹೆಸರಿಲ್ಲ. ಸೂಕ್ಷ್ಮದರ್ಶಕದ ಚಿತ್ರಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಕಂಡವನಿಗೆ ಹೆಸರು ಸಿಗುತ್ತದೆ, ಕಾಣಿಸಿದವನು ಮರೆಯಾಗುತ್ತಾನೆ. ನಮ್ಮಲ್ಲೇ ನೋಡಿ, 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಬರೆದವನು ಒಬ್ಬ ಮರಾಠಿ ಚಿತ್ರಕಾರ ಎಂಬುದಷ್ಟೇ ಉಳಿದಿದೆ.

ಕಾಣಿಸುವ ಕೆಲಸದಲ್ಲಿ ಅಪಾಯವೂ ಇದೆ. ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ 1899ರಿಂದ 1904ರವರೆಗೆ ಕಂತುಕಂತಾಗಿ ಹೊರತಂದ ನೂರು ಚಿತ್ರಫಲಕಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಸಮುದ್ರದ ಏಕಕೋಶ ಜೀವಿಗಳಾದ ರೇಡಿಯೋಲೇರಿಯಾಗಳ ಗಾಜಿನಂಥ ಅಸ್ಥಿಪಂಜರಗಳನ್ನು ನೋಡಿದಾಗ ಬಿಜಾಪುರದ ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರಗಳು ನನಗೆ ನೆನಪಾಗುತ್ತವೆ. 1900ರ ಪ್ಯಾರಿಸ್ ಪ್ರದರ್ಶನದ ಮಹಾದ್ವಾರವನ್ನೇ ವಾಸ್ತುಶಿಲ್ಪಿ ರೆನೆ ಬಿನೆ ಹೆಕೆಲ್‌ನ ರೇಡಿಯೋಲೇರಿಯಾ ಚಿತ್ರಗಳಿಂದ ಸ್ಫೂರ್ತಿ ಪಡೆದು ಕಟ್ಟಿದ. ಆದರೆ ಹೆಕೆಲ್‌ಗೆ ಸಮತೋಲದ ಮೋಹ ಹೆಚ್ಚು. ಪ್ರಕೃತಿಯಲ್ಲಿ ಸ್ವಲ್ಪ ಸೊಟ್ಟಗಿದ್ದದ್ದು ಅವನ ಹಾಳೆಯಲ್ಲಿ ನೆಟ್ಟಗಾಗುತ್ತಿತ್ತು. ಬೇರೆ ಬೇರೆ ಪ್ರಾಣಿಗಳ ಭ್ರೂಣಗಳನ್ನು ಇರುವುದಕ್ಕಿಂತ ಹೆಚ್ಚು ಒಂದೇ ರೀತಿಯಾಗಿ ತೋರಿಸಿದನೆಂದು ಅವನ ಸಮಕಾಲೀನ ವಿಜ್ಞಾನಿಗಳೇ ಆಕ್ಷೇಪಿಸಿದರು. ತನ್ನ ಸಿದ್ಧಾಂತಕ್ಕೆ ಬೇಕಾದದ್ದನ್ನು ಕೈ ಬರೆದರೆ ಆಗುವುದು ಹೀಗೆ. ಸಾಕ್ಷಿ ಹೇಳುವವನು ಕಂಡದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ಆ ಸಾಕ್ಷಿ ಕೆಟ್ಟಂತೆ.

ಈಗ ಕುಣಿಗಲ್ಲಿಗೆ ಬರೋಣ. ಅದಕ್ಕೆ ದಾರಿ ಶ್ರೀರಂಗಪಟ್ಟಣದ ಮೂಲಕ. 1786ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಒಂದು ಪತ್ರವಿದೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ, ಹುಳುಗಳನ್ನು ಇಡಲು ತಕ್ಕ ಜಾಗವನ್ನು ವಿಚಾರಿಸಿ ಸಿದ್ಧಪಡಿಸು ಎಂಬುದು ಅದರ ಸಾರ. ರೇಷ್ಮೆ ಸಾಕಣೆಗೆಂದು ರಾಜ್ಯದಲ್ಲಿ ಇಪ್ಪತ್ತೊಂದು ಕೇಂದ್ರಗಳನ್ನೂ ಆತ ಗೊತ್ತುಮಾಡಿದ. ಈ ಕಸುಬು ನಮ್ಮ ಸೀಮೆಯಲ್ಲಿ ಹೇಗೆ ಬೇರುಬಿಟ್ಟಿತೆಂದರೆ, ಹಿಪ್ಪುನೇರಳೆ ಬೆಳೆಯುವವರು ಒಕ್ಕಲಿಗರು, ಗೂಡು ಕೊಂಡು ನೂಲು ಬಿಚ್ಚುವವರಲ್ಲಿ ಬಹಳ ಮಂದಿ ಮುಸ್ಲಿಮರು, ನೇಯುವವರು ದೇವಾಂಗರು ಹೀಗೆ ಒಂದು ಸೀರೆಗೆ ಎಷ್ಟೋ ಮನೆಗಳ ಕೈ ಸೇರುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ರೇಷ್ಮೆ ಹುಳುವಿಗೆ ಜಗತ್ತಿನಾದ್ಯಂತ ಗಂಡಾಂತರ ಬಂತು. ನಮ್ಮ ರೈತರು ಗಂಟುರೋಗ ಎನ್ನುವ, ಫ್ರೆಂಚರು ಪೆಬ್ರಿನ್ ಎಂದ ರೋಗ ಅದು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಏಳುತ್ತಿದ್ದುದರಿಂದ ಆ ಹೆಸರು. ಹುಳು ಮಂಕಾಗುತ್ತದೆ, ಒಂದೇ ಸಮ ಬೆಳೆಯುವುದಿಲ್ಲ, ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬದುಕುಳಿದ ಹುಳು ಪತಂಗವಾಗಿ ಇಟ್ಟ ಮೊಟ್ಟೆಯಲ್ಲೂ ರೋಗ ಇರುತ್ತದೆ. ಹೊರಗಿನಿಂದ ನೋಡಿದರೆ ಆ ಮೊಟ್ಟೆ ಒಳ್ಳೆಯ ಮೊಟ್ಟೆಯಂತೆಯೇ ಕಾಣುತ್ತದೆ. ಯುರೋಪಿನ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆ ಹುಡುಕುತ್ತ ಜಪಾನಿನವರೆಗೂ ಅಲೆದರು.

1865ರಲ್ಲಿ ಫ್ರಾನ್ಸ್ ಸರ್ಕಾರದ ಕೋರಿಕೆಯಂತೆ ಲೂಯಿ ಪಾಸ್ಚರ್ ದಕ್ಷಿಣದ ಆಲೆಸ್ ಪಟ್ಟಣಕ್ಕೆ ಹೋದ. ಅದುವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಮುಟ್ಟಿಯೂ ಇರಲಿಲ್ಲ. ಆದರೆ ಆತನಿಗೆ ನೋಡುವುದು ಗೊತ್ತಿತ್ತು. ಹುಡುಗನಾಗಿದ್ದಾಗ ಪಾಸ್ಚರ್ ಚಿತ್ರಕಾರ. ಹದಿಮೂರರ ವಯಸ್ಸಿನಲ್ಲಿ ಬಣ್ಣದ ಕಡ್ಡಿಯಲ್ಲಿ ಬರೆದ ತಾಯಿಯ ಭಾವಚಿತ್ರ ಇಂದಿಗೂ ಉಳಿದಿದೆ. ಬಿಳಿ ಟೋಪಿ, ಹಸಿರು ಚೌಕಳಿಯ ಶಾಲು, ಎಲ್ಲಿಯೂ ಮುಖಸ್ತುತಿ ಇಲ್ಲದ, ಕೆಲಸದ ಹೆಂಗಸಿನ ನೇರ ಮುಖ. ಮುಂದೆ ಆತ ಕುಂಚ ಬಿಟ್ಟು ರಸಾಯನಶಾಸ್ತ್ರ ಹಿಡಿದ, ಆದರೆ ಕಣ್ಣಿನ ಆ ಶಿಸ್ತು ಬಿಡಲಿಲ್ಲ. ರೋಗದ ಪತಂಗದ ಮೈಯಲ್ಲಿ ಹೊಳೆಯುವ ಅಂಡಾಕಾರದ ಕಣಗಳಿರುವುದನ್ನು ಇಟಲಿಯ ಕೆಲವರು ಮೊದಲೇ ಕಂಡಿದ್ದರು. ಆ ಕಣವೇ ರೋಗಕ್ಕೆ ಕಾರಣ ಎಂದು ಒಪ್ಪಲು ಪಾಸ್ಚರ್‌ಗೂ ವರ್ಷಗಳು ಬೇಕಾದವು. ನಡುವೆ 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಯಿತು. 1870ರಲ್ಲಿ ರೇಷ್ಮೆ ಹುಳುವಿನ ರೋಗದ ಮೇಲಿನ ಅವನ ಗ್ರಂಥ ಹೊರಬಂದಾಗ ಅದರಲ್ಲಿ ಚಿತ್ರಫಲಕಗಳೂ ಇದ್ದವು. ರೈತರು ಆ ಕಣವನ್ನು ಗುರುತು ಹಿಡಿಯಬೇಕಿದ್ದರೆ ಅದರ ಚಿತ್ರ ಬೇಕಿತ್ತು.

ಅವನು ಕೊಟ್ಟ ವಿಧಾನ ಬಹಳ ಸರಳ. ಪ್ರತಿ ಹೆಣ್ಣು ಪತಂಗವನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಲು ಬಿಡಬೇಕು. ಮೊಟ್ಟೆಯಿಟ್ಟ ಮೇಲೆ ತಾಯಿಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನು ಸುಡಬೇಕು, ಕಾಣದಿದ್ದರೆ ಇಟ್ಟುಕೊಳ್ಳಬೇಕು. ಹಳ್ಳಿಯ ಜನಕ್ಕೆ ಸೂಕ್ಷ್ಮದರ್ಶಕ ಎಲ್ಲಿ ಬರುತ್ತದೆ ಎಂದು ಹೀಗಳೆದವರಿಗೆ, ತನ್ನ ಪ್ರಯೋಗಾಲಯದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ಕಲಿತಿದ್ದಾಳೆ ಎಂದು ಪಾಸ್ಚರ್ ಉತ್ತರಿಸಿದ.

ಆ ವಿಧಾನ ಮೈಸೂರು ಸಂಸ್ಥಾನದಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯಲ್ಲಿ ಜಪಾನಿ ಪರಿಣತರನ್ನು ಕರೆಸಿ ರೇಷ್ಮೆ ಫಾರಂ ತೆರೆದರು. 1913ರಲ್ಲಿ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿಯನ್ನು ಕರೆಸಿತು. ಮುಂದೆ ರೇಷ್ಮೆ ಇಲಾಖೆಯ ಹೊಣೆ ಹೊತ್ತವರಲ್ಲಿ ನವರತ್ನ ರಾಮರಾಯರೂ ಒಬ್ಬರು. ‘ಕೆಲವು ನೆನಪುಗಳು’ ಬರೆದ ಅದೇ ರಾಮರಾಯರು. ಕುಣಿಗಲ್, ಮಾಗಡಿ, ಸೋಲೂರು ಸುತ್ತಿನ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿನ ಪ್ರದೇಶವಾದವು. ಅಂದರೆ ಇಲ್ಲಿ ಬೆಳೆದ ಗೂಡು ನೂಲಿಗೆ ಹೋಗುವುದಲ್ಲ, ಮುಂದಿನ ಬೆಳೆಗೆ ತಾಯಿಯಾಗುತ್ತದೆ. ನಾಡಿನ ಬೇರೆಡೆ ಹಳದಿ ಗೂಡು ಬೆಳೆಯುವ ರೈತನ ಮಿಶ್ರತಳಿ ಮೊಟ್ಟೆಗೆ ತಾಯಿ ಈ ಕಡೆಯ ಮೈಸೂರು ತಳಿ.

ಕುಣಿಗಲ್ ಕಡೆಯ ಒಂದು ಬಿತ್ತನೆ ಕೋಠಿಯಲ್ಲಿ ನಾನು ನೋಡಿದ ದೃಶ್ಯ ಹೀಗಿತ್ತು. ಉದ್ದ ಮೇಜು, ಸಾಲಾಗಿ ಸೂಕ್ಷ್ಮದರ್ಶಕಗಳು, ಮುಂದೆ ಕೂತ ಹೆಂಗಸರು. ಪುಟ್ಟ ಒರಳಿನಲ್ಲಿ ಪತಂಗವನ್ನು ಕ್ಷಾರದ ನೀರು ಬೆರೆಸಿ ಅರೆದು ಒಬ್ಬರು ಹನಿ ಇಟ್ಟು ಕೊಡುತ್ತಾರೆ, ಇನ್ನೊಬ್ಬರು ಆರುನೂರು ಪಟ್ಟು ದೊಡ್ಡದು ಮಾಡಿ ನೋಡುತ್ತಾರೆ. ಪಕ್ಕದ ಪುಸ್ತಕದಲ್ಲಿ ಒಂದು ಗುರುತು. ಕೋಣೆಯ ತುಂಬ ಪತಂಗದ ರೆಕ್ಕೆಯ ಪುಡಿಯ ವಾಸನೆ. ‘ಅದು ನೋಡೋಕೆ ಹೆಂಗಿರ್ತದಮ್ಮ?’ ಎಂದು ಕೇಳಿದೆ. ಆಕೆ ಕಣ್ಣು ಮೇಲೆತ್ತಿ, ‘ಸಣ್ಣಕ್ಕಿ ಕಾಳು ನೀರೊಳಗೆ ಹೊಳ್ದಂಗೆ ಹೊಳೀತದೆ ಸಾರ್’ ಎಂದರು. ನನಗೆ ಅರ್ಥವಾಗಿಲ್ಲವೆಂದು ಅನ್ನಿಸಿರಬೇಕು, ಬಾಲ್‌ಪೆನ್ನಿನಿಂದ ಚೀಟಿಯೊಂದರ ಹಿಂದೆ ಒಂದು ಅಂಡಾಕಾರ ಬರೆದು, ಅದರ ಅಂಚನ್ನು ಮಾತ್ರ ಎರಡು ಬಾರಿ ತಿದ್ದಿ ಕಪ್ಪು ಮಾಡಿದರು. ಆ ಕಣ ಮೂರು ನಾಲ್ಕು ಮೈಕ್ರಾನ್ ಉದ್ದದ್ದು, ಮಿಲಿಮೀಟರಿನ ಇನ್ನೂರೈವತ್ತರಲ್ಲಿ ಒಂದು ಪಾಲು. ಕೊಬ್ಬಿನ ಹನಿಯೂ ಹಾಗೆಯೇ ಹೊಳೆಯುತ್ತದೆ, ಆದರೆ ಅದು ದುಂಡು, ಅದರ ಅಂಚು ಬೇರೆ. ಅವರು ಎರಡು ಬಾರಿ ತಿದ್ದಿದ ಅಂಚಿನಲ್ಲೇ ಎಲ್ಲ ವ್ಯತ್ಯಾಸವಿತ್ತು. ಪುಸ್ತಕದಲ್ಲಿ ಉಳಿಯುವುದು ಇದೆ ಅಥವಾ ಇಲ್ಲ ಎಂಬ ಗುರುತು ಮಾತ್ರ. ಆ ಚೀಟಿಯನ್ನು ನಾನೇಕೆ ಕೇಳಿ ಇಟ್ಟುಕೊಳ್ಳಲಿಲ್ಲವೋ ಗೊತ್ತಿಲ್ಲ.

ಕಾಣುವ ಕಣ್ಣು, ಬರೆಯುವ ಕೈ, ಹೇಳುವ ಭಾಷೆ ಮೂರೂ ಒಬ್ಬರಲ್ಲೇ ಸೇರಿದ್ದು ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರಲ್ಲಿ. ಡಿ.ವಿ. ಗುಂಡಪ್ಪನವರ ಮಗನಾಗಿ 1918ರಲ್ಲಿ ಹುಟ್ಟಿದ ಸ್ವಾಮಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಆರ್ಕಿಡ್ ಗಿಡಗಳ ಭ್ರೂಣ ಬೆಳೆಯುವ ಬಗೆ ಅವರ ಮೊದಲ ಸಂಶೋಧನೆಯ ಕ್ಷೇತ್ರ. ಸಾಮಾನ್ಯ ಓದುಗರು ಅವರನ್ನು ‘ಹಸುರು ಹೊನ್ನು’ ಮೂಲಕ ಬಲ್ಲರು. ವಿದ್ಯಾರ್ಥಿಗಳ ಜೊತೆ ಕಾಡು ತಿರುಗಿದ ಆ ಪುಸ್ತಕಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಚಿತ್ರಗಳೂ ಸ್ವಾಮಿಯವರವೇ.

ಅವರ ಕಾಲದ ಸಸ್ಯಶಾಸ್ತ್ರಜ್ಞನ ಕೆಲಸ ಹೇಗಿತ್ತೆಂದು ಇಂದಿನವರಿಗೆ ಹೇಳಬೇಕು. ಎಳೆಯ ಹೂವಿನ ಅಂಡಾಶಯವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ಯುತ್ತಾರೆ. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಮೇಣ ಕರಗಿಸಿ, ಬಣ್ಣ ಹಾಕಿ, ಸ್ಲೈಡಿಗೆ ಏರಿಸುತ್ತಾರೆ. ಅನಂತರ ಬರುವುದು ಕ್ಯಾಮೆರಾ ಲುಸಿಡಾ. 1806ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ರೂಪಿಸಿದ ಉಪಕರಣ ಇದು. ಇದನ್ನು ಸೂಕ್ಷ್ಮದರ್ಶಕದ ಕಣ್ಣುಗಾಜಿಗೆ ಸಿಕ್ಕಿಸಿದರೆ, ಅದರ ಪಟ್ಟಕವೂ ಕನ್ನಡಿಯೂ ಸೇರಿ ಮೇಜಿನ ಮೇಲಿನ ಬಿಳಿ ಕಾಗದವನ್ನೂ ಸ್ಲೈಡಿನ ಜೀವಕೋಶವನ್ನೂ ಒಂದರ ಮೇಲೊಂದು ತೋರಿಸುತ್ತವೆ. ಪೆನ್ಸಿಲ್ಲಿನ ತುದಿ ಜೀವಕೋಶದ ಗೋಡೆಯ ಮೇಲೆ ನಡೆದಂತೆ ಕಾಣುತ್ತದೆ. ಹೇಳಲು ಸುಲಭ. ಕಾಗದದ ಬೆಳಕು ಹೆಚ್ಚಾದರೆ ಜೀವಕೋಶ ಮಾಯ, ಸ್ಲೈಡಿನ ಬೆಳಕು ಹೆಚ್ಚಾದರೆ ಪೆನ್ಸಿಲ್ ಮಾಯ. ಕತ್ತು ಒಂದಿಷ್ಟು ಅಲುಗಿದರೆ ಬರೆದ ಗೆರೆಯೂ ಕಂಡ ಗೆರೆಯೂ ಬೇರೆ ಬೇರೆ. ಛಾಯೆ ಬೇಕಾದಲ್ಲಿ ಪೆನ್ಸಿಲ್ ಉಜ್ಜುವಂತಿಲ್ಲ. ಆ ಕಾಲದ ಗೆರೆಬ್ಲಾಕಿನ ಮುದ್ರಣದಲ್ಲಿ ಬೂದುಬಣ್ಣ ಬರುತ್ತಿರಲಿಲ್ಲ, ಇಂಡಿಯನ್ ಇಂಕಿನಲ್ಲಿ ಚುಕ್ಕೆ ಚುಕ್ಕೆಯಾಗಿ ಇಡಬೇಕಿತ್ತು. ಒಂದು ಭ್ರೂಣಕ್ಕೆ ಸಾವಿರ ಚುಕ್ಕೆ ಹಿಡಿದರೂ ಆಶ್ಚರ್ಯವಿಲ್ಲ.

ಫೋಟೋ ಇರಲಿಲ್ಲವೇ ಎಂದರೆ ಇತ್ತು. ಆದರೆ ಸೂಕ್ಷ್ಮದರ್ಶಕ ಒಂದು ಬಾರಿಗೆ ಒಂದು ಪದರವನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಮೇಲಿನದು ಕಂಡಾಗ ಕೆಳಗಿನದು ಮಸುಕು. ಫೋಟೋ ಆ ಒಂದು ಪದರದಲ್ಲಿ ನಿಲ್ಲುತ್ತದೆ. ಬರೆಯುವವನು ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಮೇಲಿಂದ ಕೆಳಗ್ಗೆ ಇಳಿದು, ಅಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದೇ ಚಿತ್ರದಲ್ಲಿ ತರುತ್ತಾನೆ.

ಸ್ವಾಮಿ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಅರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡಿದರು. ನ್ಯೂ ಕ್ಯಾಲಿಡೋನಿಯ ದ್ವೀಪದ ಅಂಬೊರೆಲ್ಲ ಎಂಬ ಪೊದೆಯ ಕಾಂಡವನ್ನು ಕೊಯ್ದು ನೋಡಿ, ಬೇರೆ ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾದ ನೀರ್ಗೊಳವೆಗಳು ಇದರಲ್ಲಿಲ್ಲ ಎಂದು ಇಬ್ಬರೂ 1948ರಲ್ಲಿ ಪ್ರಕಟಿಸಿದರು. ಐವತ್ತು ವರ್ಷಗಳ ಮೇಲೆ, 1999ರಲ್ಲಿ, ಡಿಎನ್ಎ ಅಧ್ಯಯನಗಳು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕೂ ಮೊದಲು ಕವಲೊಡೆದ ಕೊಂಬೆಯಲ್ಲಿ ಉಳಿದಿರುವುದು ಈ ಅಂಬೊರೆಲ್ಲವೇ ಎಂದು ತೋರಿಸಿದವು. ಹೂವಿನ ಅಂಡಾಶಯವೆಂದರೆ ಮೂಲತಃ ನಡುವೆ ಮಡಚಿಕೊಂಡ ಎಲೆ ಎಂದು ಇಬ್ಬರೂ 1951ರಲ್ಲಿ ಬರೆದ ಲೇಖನದ ರೇಖಾಚಿತ್ರಗಳು ಪಠ್ಯಪುಸ್ತಕಗಳನ್ನು ಸೇರಿದವು. ಊರಿಗೆ ಮರಳಿದ ಮೇಲೆ ದಕ್ಷಿಣ ಭಾರತದ ಹೊಸದೊಂದು ಗಿಡಕ್ಕೆ ಸ್ವಾಮಿ ತಮ್ಮ ಗುರುವಿನ ಹೆಸರಿಟ್ಟರು, ಸಾರ್ಕಾಂಡ್ರ ಅರ್ವಿಂಗ್‌ಬೈಲೀ ಎಂದು.

ಇದೇ ಕಾಲಕ್ಕೆ ಧಾರವಾಡದಲ್ಲಿ ಎಚ್.ಪಿ. ಗಾಂಧಿ ಎಂಬ ಅಧ್ಯಾಪಕರು ಡಯಾಟಮ್‌ಗಳ ಬೆನ್ನು ಹತ್ತಿದ್ದರು. ಡಯಾಟಮ್ ಎಂದರೆ ನೀರಿನಲ್ಲಿರುವ ಏಕಕೋಶದ ಪಾಚಿ. ಅದರ ಮೈಗೆ ಮರಳಿನದೇ ಧಾತುವಾದ ಸಿಲಿಕದ ಕವಚ, ಮುಚ್ಚಳವಿರುವ ಡಬ್ಬಿಯಂತೆ ಎರಡು ಭಾಗ. ಆ ಕವಚದ ಮೇಲಿನ ಗೆರೆಗಳನ್ನು, ಹತ್ತು ಮೈಕ್ರಾನಿಗೆ ಎಷ್ಟು ಗೆರೆ ಎಂದು ಎಣಿಸಿ ಜಾತಿ ಹೇಳಬೇಕು. ಧಾರವಾಡ, ಜೋಗ, ಸಾಗರ, ಹಿರೇಭಾಸ್ಕರ ಅಣೆಕಟ್ಟು ಹೀಗೆ ಊರೂರಿನ ನೀರನ್ನು ನೋಡಿ, ಗೆರೆ ಎಣಿಸಿ ಬರೆದ ಅವರ ಚಿತ್ರಗಳು 1950ರ ದಶಕದಿಂದ ಸಂಶೋಧನ ಪತ್ರಿಕೆಗಳಲ್ಲಿ ಬಂದವು. ಹೆಕೆಲ್‌ನ ಫಲಕಗಳ ಮೆರುಗು ಅವಕ್ಕಿಲ್ಲ. ಬಿಳಿ ಹಾಳೆಯ ಮೇಲೆ ದೋಣಿಯಂಥ, ಕದಿರಿನಂಥ ಆಕಾರಗಳು, ಪಕ್ಕದಲ್ಲಿ ಅಂಕೆ, ಅಷ್ಟೇ. ನನಗೆ ಅವೇ ಹೆಚ್ಚು ಚೆಂದ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಾತ್ರ ಅದರ ಗೋಡೆ ಕಾಣುತ್ತದೆ. ಆ ಅಣೆಕಟ್ಟಿನ ನೀರಿನಲ್ಲಿ ಅಂದು ಯಾವ ಜೀವ ಇತ್ತೆಂದು ಇಂದು ಯಾರಾದರೂ ಕೇಳಿದರೆ ತೋರಿಸಲು ಗಾಂಧಿಯವರ ಗೆರೆಗಳಿವೆ.

ಈಗ ಸೂಕ್ಷ್ಮದರ್ಶಕಕ್ಕೇ ಕ್ಯಾಮೆರಾ ಬಂದಿದೆ. ಪದರ ಪದರದ ಫೋಟೋ ತೆಗೆದು ಕಂಪ್ಯೂಟರೇ ಜೋಡಿಸುತ್ತದೆ. ಇಂಥ ಚಿತ್ರಗಳಿಗೆಂದೇ ನಿಕಾನ್ ಕಂಪನಿಯ ಸ್ಪರ್ಧೆ 1970ರ ದಶಕದಿಂದ ನಡೆಯುತ್ತಿದೆ. ಐಐಟಿ ಕಾನ್ಪುರದಲ್ಲಿ ಓದಿ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ 2014ರಲ್ಲಿ ಕಾಗದ ಮಡಚಿ ಮಾಡುವ ಅಗ್ಗದ ಸೂಕ್ಷ್ಮದರ್ಶಕವನ್ನು ಜಗತ್ತಿಗೆ ತೋರಿಸಿದರು. ಅದಕ್ಕೆ ಮೊಬೈಲ್ ಹಿಡಿದು ಗುಬ್ಬಿಯ ಕೆರೆಯ ನೀರನ್ನು ಶಾಲೆಯ ಮಕ್ಕಳೂ ಚಿತ್ರ ತೆಗೆಯಬಹುದು. ತುಮಕೂರು, ಗುಬ್ಬಿಯ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬರತೊಡಗಿದ ಮೇಲೆ ಅವುಗಳೊಳಗಿನ ಜೀವ ಏನೇನು ಬದಲಾಯಿತು ಎಂದು ತಿಳಿಯಲು ಮೊದಲಿನ ನೀರಿನ ಚಿತ್ರಗಳು ಬೇಕು.

ಹೀಗೆ ಯೋಚಿಸುತ್ತ ಮೊನ್ನೆ ಅಟ್ಟ ಹತ್ತಿ ನನ್ನ ರೆಕಾರ್ಡ್ ಪುಸ್ತಕ ಇಳಿಸಿದೆ. ಯೂಗ್ಲಿನಾ ಚೆನ್ನಾಗಿಯೇ ಬಂದಿದೆ. ಮುಂದಿನ ತುದಿಯಲ್ಲಿ ಚಾಟಿಯಂಥ ಉದ್ದನೆಯ ಎಳೆ, ಅದಕ್ಕೆ ಹೆಸರು, ಕೆಳಗೆ ಸಹಿ. ನಮ್ಮ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದಲ್ಲಿ ಆ ಎಳೆ ನನಗೆ ಯಾವತ್ತೂ ಕಂಡಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಎಳೆಯಿಲ್ಲದೆ, ಸೊಟ್ಟ ಮೈಯ, ಅರ್ಧ ಮಡಚಿಕೊಂಡ ಯೂಗ್ಲಿನಾ ಬರೆದಿದ್ದ. ಪಕ್ಕದಲ್ಲಿ ಹೆಸರು ಗೊತ್ತಿಲ್ಲದ ಇನ್ನೆರಡು ಜೀವಿಗಳನ್ನೂ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಅವನಿಗೆ ಅರ್ಧ ಅಂಕ ಕೊಟ್ಟರು, ನನಗೆ ಪೂರ್ತಿ. ಅಮಾನಿಕೆರೆಯ ನೀರಿನಲ್ಲಿ ಆ ವರ್ಷ ಏನಿತ್ತು ಎಂಬುದು ಅವನ ಪುಸ್ತಕದಲ್ಲಿತ್ತು. ಫೋನು ಮಾಡಿ ಕೇಳಿದೆ. ಮನೆ ಬದಲಾಯಿಸುವಾಗ ಗುಜರಿಗೆ ಹಾಕಿದೆ ಎಂದ.